ಒಡಪಿನಲ್ಲಿ ಬಂದ ಹೆಸರು

ಇವತ್ತು ಬೆಳಿಗ್ಗೆ ಟೇಪ್ ಸುರುಳಿಗಳ ಟ್ರಂಕು ತೆರೆದೆ. ರೊಟ್ಟಿಗೆ ಹಚ್ಚಿಕೊಳ್ಳುವ ಗುರೆಳ್ಳು ಹಿಂಡಿಯ ವಾಸನೆ ಮೂಗಿಗೆ ಬಡಿಯಿತು. ಒಂದು ಸುರುಳಿಯ ರಟ್ಟಿನ ಡಬ್ಬಿಗೆ ಎಣ್ಣೆಯ ಕಲೆ ಹತ್ತಿದೆ. ಯಾರ ಡಬ್ಬಿ ಅಂತ ನೋಡಬೇಕಾಗಲೇ ಇಲ್ಲ. ಖಾನಾವಳಿಯ ಮಾಮಾ ನನ್ನ ಕೋಣೆಗೆ ಬಂದಾಗಲೆಲ್ಲ ರೊಟ್ಟಿ, ಹಿಂಡಿ ಕಟ್ಟಿಕೊಂಡೇ ಬರುತ್ತಿದ್ದರು. ಕೈ ಒರೆಸಿಕೊಳ್ಳದೆ ಯಾವುದನ್ನಾದರೂ ಮುಟ್ಟುತ್ತಿದ್ದರು...

ನನ್ನ ಕಸುಬಿನ ಬಗ್ಗೆ ಮೊದಲು ಹೇಳಬೇಕು, ಇಲ್ಲದಿದ್ದರೆ ಇದು ತಿಳಿಯುವುದಿಲ್ಲ. ರೇಡಿಯೋ ರಿಪೇರಿಯನ್ನು ನನಗೆ ಯಾರೂ ಕಲಿಸಿರಲಿಲ್ಲ, ಬಿಚ್ಚಿ ಬಿಚ್ಚಿ ನಾನೇ ಕಲಿತೆ. ಗೋವಾ ನಮ್ಮದಾದ ಮೇಲೆ ಅಲ್ಲಿಂದ ಒಂದು ಹಳೆಯ ಟೇಪ್ ರೆಕಾರ್ಡರ್ ತಂದೆ. ಗಡಿಯ ಅನಮೋಡದ ನಾಕಾದಲ್ಲಿ ಪೊಲೀಸಪ್ಪ ಅದನ್ನು ಬಾಂಬಿನ ಹಾಗೆ ದೂರ ಇಡಿಸಿ, "ಇದು ಏನ ಮಾಡ್ತೈತಿ?" ಅಂದ. "ನೀವು ಅಂದದ್ದನ್ನ ತಿರುಗಿ ಅಂತೈತ್ರಿ" ಅಂದೆ. "ನಮ್ಮ ಮನ್ಯಾಗೂ ಒಂದೈತಿ, ಅದಕ್ಕ ಕರೆಂಟ್ ಬೇಕಾಗಿಲ್ಲ" ಅಂತ ನಕ್ಕು ಬಿಟ್ಟ.

ದಾಂಡೇಲಿ ಪೇಟೆಯಲ್ಲಿ ಸೈಕಲ್ ಅಂಗಡಿಯ ಮೇಲೊಂದು ಕೋಣೆ ಹಿಡಿದು ಹಲಗೆ ಬರೆದು ತೂಗುಹಾಕಿದೆ: "ನಿಮ್ಮ ಜೀವನ ಕಥೆ, ನಿಮ್ಮ ದನಿಯಲ್ಲೇ." ಶುರುವಿನಲ್ಲಿ ಬಂದವರೆಲ್ಲ ಅಂಗೈ ಚಾಚಿದರು, ನಾನು ಭವಿಷ್ಯ ಹೇಳುವವನು ಅಂದುಕೊಂಡು. ನಿಧಾನವಾಗಿ ತಿಳಿಯಿತು. ಕಾಗದದ ಕಾರ್ಖಾನೆಗೆ ಅಂತ ಧಾರವಾಡ, ಬೆಳಗಾವಿ ಕಡೆಯಿಂದ ಬಂದವರು ತಮ್ಮ ತಾಯಿ ತಂದೆ ಊರಿಂದ ಬಂದಾಗ ಕರೆತಂದು ಕೂಡಿಸುತ್ತಿದ್ದರು. ಅವರು ಹುಟ್ಟಿದ ಊರಿಂದ ಹಿಡಿದು ಹೇಳುತ್ತಿದ್ದರು, ನಾನು ಸುರುಳಿ ತಿರುಗಿಸುತ್ತಿದ್ದೆ. ಮುಂದಿನ ಭಾನುವಾರ ಮನೆಯವರೆಲ್ಲ ಬಂದು ಕೂತು ಕೇಳುತ್ತಿದ್ದರು.

ಹೆಣ್ಣುಮಕ್ಕಳದೊಂದೇ ತೊಡಕು. ಗಂಡನ ಹೆಸರು ಕೇಳಿದರೆ ಬಾಯಿ ಬಿಡುತ್ತಿರಲಿಲ್ಲ. ಗಂಡನ ಹೆಸರೇ ಇಲ್ಲದೆ ಜೀವನ ಕಥೆ ಹೇಗೆ ಮುಗಿಯಬೇಕು? ಅದಕ್ಕೆ ನಾನೊಂದು ಉಪಾಯ ಕಂಡುಕೊಂಡೆ. ಕೊನೆಗೆ ಒಂದು ಒಡಪು ಹೇಳಿಸುತ್ತಿದ್ದೆ. ಮದುವೆ, ಸೀಮಂತಗಳಲ್ಲಿ ಪ್ರಾಸ ಕೂಡಿಸಿ, ನಡುವೆ ಗಂಡನ ಹೆಸರು ಪೋಣಿಸಿ ಹೇಳುತ್ತಾರಲ್ಲ, ಅದು. ಒಡಪಿನಲ್ಲಿ ಹೇಳಿದರೆ ದೋಷವಿಲ್ಲ. ಎಂಥ ನಾಚಿಕೆಯವರೂ ಹೇಳುತ್ತಿದ್ದರು.

ಮಾಮಾ ಮತ್ತು ಅವರ ಹೆಂಡತಿ, ನಾವೆಲ್ಲ ಅಕ್ಕ ಅನ್ನುತ್ತಿದ್ದವರು, ನಮ್ಮ ಓಣಿಯಲ್ಲಿ ಖಾನಾವಳಿ ನಡೆಸುತ್ತಿದ್ದರು. ಮಕ್ಕಳಿರಲಿಲ್ಲ. ಕಾರ್ಖಾನೆಯ ಒಂಟಿ ಗಂಡಸರೆಲ್ಲ ಅಲ್ಲೇ ಉಣ್ಣುತ್ತಿದ್ದರು, ನಾನೂ ಅಲ್ಲೇ. ಅಕ್ಕ ರೊಟ್ಟಿ ಬಡಿಯುವವರು, ಮಾಮಾ ಬಡಿಸುವವರು. ಬೇಡ ಅಂದರೆ ಕೇಳದ ಮನುಷ್ಯ. "ಹೊಟ್ಟಿಗೆ ಕೇಳಬ್ಯಾಡ, ರೊಟ್ಟಿಗೆ ಕೇಳು, ಅದು ಹೋಗ್ತೇನಿ ಅಂತೈತಿ" ಅಂತ ತಟ್ಟೆಗೆ ಹಾಕಿಯೇ ಬಿಡುತ್ತಿದ್ದರು.

ಒಂದು ಮಧ್ಯಾಹ್ನ ಮಾಮಾ ನನ್ನ ಕೋಣೆಗೆ ಹತ್ತಿ ಬಂದರು. ಬಹಳ ಹೊತ್ತು ಯಂತ್ರದ ಸುತ್ತ ಸುತ್ತಿದರು.

"ತಮ್ಮಾ, ನನ್ನ ಹೆಸರು ಗೊತ್ತೈತೇನು ನಿನಗ?"

ನನಗೆ ಗೊತ್ತಿರಲಿಲ್ಲ. ಅಷ್ಟು ದಿನ ಅವರ ಕೈಯ ಅನ್ನ ಉಂಡು ಒಮ್ಮೆಯೂ ಕೇಳಿರಲಿಲ್ಲ.

"ಯಾರಿಗೂ ಗೊತ್ತಿಲ್ಲ ಬಿಡು. ಮಾಮಾ ಅಂದ್ರ ರೊಟ್ಟಿ ಬರ್ತೈತಿ, ಹೆಸರು ತಗೊಂಡು ಏನ ಮಾಡ್ತಾರ?" ನಕ್ಕು ತಮ್ಮ ಹೆಸರು ಹೇಳಿದರು. ಆಮೇಲೆ ದನಿ ಸಣ್ಣದಾಯಿತು. "ನಿಮ್ಮ ಅಕ್ಕ ಯಾರ ಮನಿ ಕಾರ್ಯದಾಗೂ ಒಡಪು ಹೇಳಂಗಿಲ್ಲ. ಏನರೆ ನೆವಾ ತಗದು ಎದ್ದು ಬರ್ತಾಳ. ಆಕಿ ಬಾಯಾಗ ನನ್ನ ಹೆಸರು ಒಮ್ಮಿ ಕೇಳಬೇಕೋ, ಒಮ್ಮಿ. ಆಕೀದೊಂದು ಕಥಿ ತಗೋ. ಕೊನೀಗೆ ನಿನ್ನ ಪದ್ಧತಿ ಪ್ರಕಾರ ಕೇಳು. ನಾ ಅಂದೆ ಅನಬ್ಯಾಡ."

ಅಕ್ಕ ಬಂದರು. ಊಟದ ಗದ್ದಲ ಮುಗಿದ ಮೇಲೆ, ಹಿಟ್ಟಿನ ಕೈ ತೊಳೆದುಕೊಂಡು. ತವರಿನ ಹಳ್ಳದ ಬಗ್ಗೆ ಹೇಳಿದರು, ಸಣ್ಣಂದಿನಲ್ಲಿ ಕುಸುಬಿ ಹೊಲದಲ್ಲಿ ಮುಳ್ಳು ತುಳಿದದ್ದು, ಮೊದಲ ಸಲ ರೊಟ್ಟಿ ತಟ್ಟಿದಾಗ ಅಜ್ಜಿ ಅದನ್ನು ಎಮ್ಮೆಗೆ ಹಾಕಿದ್ದು. ಎಷ್ಟು ಚೆನ್ನಾಗಿ ಹೇಳುತ್ತಿದ್ದರು ಅಂದರೆ ನಾನು ಸುರುಳಿ ನೋಡುವುದನ್ನೇ ಮರೆತಿದ್ದೆ. ಕೊನೆಗೆ ಕೇಳಿದೆ, "ಅಕ್ಕಾ, ಎಲ್ಲಾ ಹೆಣ್ಮಕ್ಕಳ ಕಡಿಂದ ಒಂದು ಒಡಪು ತಗೋತೇನ್ರಿ."

ಅಕ್ಕ ಸೆರಗು ಸರಿಮಾಡಿಕೊಂಡರು. ಸುರುಳಿ ತಿರುಗುತ್ತಲೇ ಇತ್ತು. ಆಮೇಲೆ ಕಣ್ಣು ಮುಚ್ಚಿ ಹೇಳಿದರು:

"ಹಂಚಿನ ಮ್ಯಾಲಿನ ರೊಟ್ಟಿ ಹೊಟ್ಟಿ ತುಂಬ ಉಬ್ಬಲಿ, ... ರಾಯರ ಹೆಸರು ನನ್ನ ಉಡಿಯಾಗ ಉಳೀಲಿ."

ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅದು ಮಾಮಾ ನನಗೆ ಹೇಳಿದ ಹೆಸರಲ್ಲ. ಅದರ ಹತ್ತಿರದ್ದೂ ಅಲ್ಲ.

ಯಂತ್ರ ನಿಲ್ಲಿಸಿದೆ. ಬೇರೆ ಗಂಡಸಿನ ಹೆಸರು ಒಡಪಿನಲ್ಲಿ! ಅಂಥದ್ದನ್ನು ನಾನು ಕೇಳಿಯೇ ಇರಲಿಲ್ಲ. ಅಕ್ಕನೇ ನನ್ನ ಮುಖ ನೋಡಿ ಹೇಳಿದರು, "ಅಕ್ಕಿಕಾಳು ಬಿದ್ದದ್ದು ಅವರ ಜೋಡಿ, ತಮ್ಮಾ."

ಅಕ್ಷತೆ ಹಾಕಿಸಿಕೊಂಡು ಮದುವೆಯಾದ ಮೊದಲ ಗಂಡ. ಮಾಮಾ ಆ ಗಂಡನ ಜೀವದ ಗೆಳೆಯ. ಇಬ್ಬರೂ ಕೂಡಿ ಜೋಯಿಡಾ ಕಡೆಯ ಕಾಡಿಗೆ ಬಿದಿರು ಕಡಿಯಲು ಬಂದವರು. ಗಂಡ ಚಳಿಜ್ವರದಲ್ಲಿ ಹೋದರು. ಸುದ್ದಿ ಹೊತ್ತು ಊರಿಗೆ ಬಂದವರು ಮಾಮಾ. ಹಿರಿಯರು ಕೂತು ಉಡಕಿ ಮಾಡಿಕೊಟ್ಟರು. ಉಡಕಿ ಅಂದರೆ ಗಂಡ ಸತ್ತವಳಿಗೆ ಹೊಸ ಸೀರೆ ಉಡಿಸಿ, ಬಾಜಾಬಜಂತ್ರಿ ಇಲ್ಲದೆ ಇನ್ನೊಬ್ಬರ ಮನೆ ತುಂಬಿಸುವುದು. ಅವರ ಕಡೆ ಉಡಕಿಯಾದವಳು ಶುಭಕಾರ್ಯದಲ್ಲಿ ಮುಂದೆ ನಿಲ್ಲುವಂತಿಲ್ಲ, ಒಡಪು ಹೇಳುವಂತಿಲ್ಲ. ದಾಂಡೇಲಿಯಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದರೆ ಓಣಿಯ ಯಾರೂ ಅಕ್ಕನನ್ನು ಅರಿಶಿಣ ಕುಂಕುಮಕ್ಕೆ ಕರೆಯುತ್ತಿರಲಿಲ್ಲ.

"ಅವರದೊಂದು ಫೋಟೋ ಸೈತ ಇಲ್ಲ" ಅಂದರು ಅಕ್ಕ. "ನಿನ್ನ ಮಷೀನಿನ್ಯಾಗರೆ ಇರ್ಲಿ ಅನಸ್ತು."

"ಮಾಮಾ ಕೇಳ್ತಾರಲ್ರೀ. ಆ ತುಂಡು ಕತ್ತರಿಸಿ ತಗೀಲೇನು?"

"ಬ್ಯಾಡ. ನಿಮ್ಮ ಮಾಮಾಗ ಎಲ್ಲಾ ಗೊತ್ತೈತಿ. ಅವರೊಬ್ಬರ ಕೇಳ್ತಾರ, ಕೇಳ್ಲಿ ಬಿಡು."

ಮಾಮಾ ಏನು ಕೇಳಲು ಬರುತ್ತಾರೆ ಅನ್ನುವುದು ನನ್ನ ನಾಲಿಗೆಯ ತುದಿಗೆ ಬಂತು. ಹೇಳಬೇಡ ಅಂದಿದ್ದರಲ್ಲ... ನುಂಗಿಕೊಂಡೆ.

ಭಾನುವಾರ ಮೆಟ್ಟಿಲ ಮೇಲೆ ಬಹಳ ಹೆಜ್ಜೆಗಳ ಸದ್ದು. ಬಾಗಿಲಲ್ಲಿ ಮಾಮಾ, ಇಸ್ತ್ರಿ ಅಂಗಿ, ಎಣ್ಣೆ ಹಚ್ಚಿದ ತಲೆ. ಹಿಂದೆ ಖಾನಾವಳಿಯ ಹುಡುಗರು, ಪಕ್ಕದ ಮನೆಯ ವಾಚಮನ್ನನ ಹೆಂಡತಿ, ಆಕೆಯ ಹಿಂದೆ ಅಕ್ಕ. ನಾನು ಬಾಗಿಲಿಗೆ ಅಡ್ಡ ನಿಂತೆ.

"ಮಾಮಾ, ಮನಿಯವರಷ್ಟ ಕೇಳೂದು ಚೊಲೊ ಇರ್ತೈತ್ರಿ."

"ಇವರೆಲ್ಲಾ ಯಾರಪಾ ಮತ್ತ? ನಮ್ಮ ಮನ್ಯಾಗ ಉಂಡವರು ನಮ್ಮ ಮನಿಯವರ" ಅಂದು ಎಲ್ಲರಿಗೂ ಕೇಳುವಂತೆ ಸೇರಿಸಿದರು, "ಇವತ್ತು ನನ್ನ ಹೆಸರು ಬರ್ತೈತಿ ನೋಡ್ರಿ. ನಿಮ್ಮ ಅಕ್ಕನ ಬಾಯಿಂದ."

ಅಕ್ಕ ಮೆಟ್ಟಿಲ ಕಡೆ ಒಂದು ಹೆಜ್ಜೆ ಹಿಂದೆ ಸರಿದರು. ಆಗಲೇ ಅವರಿಗೆ ತಿಳಿದದ್ದು, ಮಾಮಾ ಯಾತಕ್ಕಾಗಿ ಕಾದಿದ್ದಾರೆ ಅಂತ.

ಸುರುಳಿ ತಿರುಗಿತು. ಎಮ್ಮೆ ತಿಂದ ರೊಟ್ಟಿಗೆ ಎಲ್ಲರೂ ನಕ್ಕರು. ಮಾಮಾ ಮಾತ್ರ ನಗಲಿಲ್ಲ, ಮೊಣಕಾಲ ಮೇಲೆ ಕೈ ಊರಿ ಪೆಟ್ಟಿಗೆಯನ್ನೇ ನೋಡುತ್ತಿದ್ದರು. ಕೊನೆ ಹತ್ತಿರ ಬಂತು. "ಸಾಕ ಬಿಡ್ರಿ, ಇನ್ನೇನಿಲ್ಲ" ಅಂದರು ಅಕ್ಕ. "ಯಾಕ್ರೀ, ಈ ವಯಸ್ಸಿನ್ಯಾಗ ನಾಚಿಕಿ?" ಅಂದಳು ವಾಚಮನ್ನನ ಹೆಂಡತಿ. ಒಡಪಿಗಾಗಿ ಅಕ್ಕನನ್ನು ಎಲ್ಲರಿಗಿಂತ ಹೆಚ್ಚು ಕಾಡಿದವಳು ಆಕೆಯೇ. ನಾನು ಗುಂಡಿಗೆ ಕೈ ಹಾಕಿದೆ. ಮಾಮಾ ನನ್ನ ಮಣಿಕಟ್ಟು ಹಿಡಿದು ಕಣ್ಣು ಮಿಟುಕಿಸಿದರು. "ಕೊನೀತನಕಾ ಬಿಡೋ."

ಹಂಚಿನ ಮೇಲಿನ ರೊಟ್ಟಿ ಬಂತು. ಹೆಸರು ಬಂತು.

ಹಿಡಿದ ಕೈ ನನ್ನ ಮಣಿಕಟ್ಟಿನ ಮೇಲೆ ಹಾಗೇ ಇತ್ತು. ಅದು ತಣ್ಣಗಾದದ್ದು ನನಗೆ ಗೊತ್ತಾಯಿತು. ಅಕ್ಕ ಗೋಡೆಗೆ ಆತುಕೊಂಡಿದ್ದರು, ಸೆರಗಿನ ತುದಿ ಬಾಯಲ್ಲಿ.

"ಇದು ಯಾರ ಹೆಸರ್ರೀ?" ವಾಚಮನ್ನನ ಹೆಂಡತಿ ಕೇಳಿದಳು.

ಮಾಮಾ ನಕ್ಕರು. ಅಂಥ ನಗುವನ್ನು ನಾನು ಮತ್ತೆ ಕಂಡಿಲ್ಲ.

"ಯಾರದು ಅಂದ್ರ? ನಂದ. ತೊಟ್ಟಿಲದಾಗ ಇಟ್ಟ ಹೆಸರು. ಇಷ್ಟ ದಿನಾ ನನ್ನ ಕೈಲೆ ಉಂಡೀರಿ, ಒಬ್ಬರರೆ ಕೇಳೀರೇನು?"

ಹುಡುಗರು ಹೋ ಅಂತ ಚಪ್ಪಾಳೆ ತಟ್ಟಿದರು. ವಾಚಮನ್ನನ ಹೆಂಡತಿ, "ಭಾಳ ಚೊಲೊ ಹೆಸರೈತಲ್ಲ, ಮುಚ್ಚಿ ಇಟ್ಟಿದ್ರಲ್ರೀ" ಅಂದಳು. ಒಂದು ಉಸಿರಿನಷ್ಟು ಹೊತ್ತಿನಲ್ಲಿ ಒಬ್ಬ ಮನುಷ್ಯ ತನ್ನ ಹೆಸರನ್ನು ಬಿಟ್ಟುಕೊಟ್ಟುಬಿಟ್ಟಿದ್ದ.

ಅವತ್ತಿನಿಂದ ಓಣಿಗೆಲ್ಲ ಆ ಹೆಸರು ಹಿಡಿದುಹೋಯಿತು. ಬರಿ ಮಾಮಾ ಅನ್ನುತ್ತಿದ್ದವರು ಆ ಹೆಸರು ಸೇರಿಸಿ ಮಾಮಾ ಅನ್ನತೊಡಗಿದರು. ಕರೆದರೆ ಅವರು ಒಂದು ಗಳಿಗೆ ತಡವಾಗಿ ತಿರುಗುತ್ತಿದ್ದರು. ಅದು ನನಗೆ ಕಾಣುತ್ತಿತ್ತು, ಒಲೆಯ ಮುಂದೆ ಕೂತ ಅಕ್ಕನಿಗೂ ಕಾಣುತ್ತಿದ್ದಿರಬೇಕು. ಅಕ್ಕನನ್ನು ಕುಂಕುಮಕ್ಕೆ ಕರೆಯುವುದು ಮಾತ್ರ ತಪ್ಪಲಿಲ್ಲ.

ಒಮ್ಮೆ ನಾನೇ ತಡೆಯಲಾರದೆ, "ಹಿಂಗ ಯಾಕ ಮಾಡಿದ್ರಿ ಮಾಮಾ?" ಅಂದೆ.

"ಅಂವ ನನ್ನ ಗೆಳ್ಯಾ. ಭಾಳ ಚೊಲೊ ಮನಶ್ಯಾ ಇದ್ದ. ಅಂವನ ಹೆಸರ ಮ್ಯಾಲೆ ನಾಕು ಮಂದಿಗೆ ರೊಟ್ಟಿ ನೀಡಿದ್ರ ನಂದೇನು ಹೋತು?" ಅಂದರು. ಆಮೇಲೆ, "ಆದ್ರೂ ತಮ್ಮಾ..." ಅಂದು ನಿಲ್ಲಿಸಿದರು. ಆ ಮಾತು ಮುಂದೆ ಯಾವತ್ತೂ ಮುಗಿಯಲಿಲ್ಲ.

ಹೋದ ತಿಂಗಳು ಮಾಮಾ ಜೋಳ ತರಲು ಹಳಿಯಾಳದ ಸಂತೆಗೆ ಹೋದವರು ಬಸ್ ಸ್ಟ್ಯಾಂಡಿನಲ್ಲೇ ಕುಸಿದರಂತೆ. ಸುದ್ದಿ ತಂದ ಹುಡುಗ ಆ ಹೆಸರು ಹಿಡಿದೇ ಹೇಳಿದ. ಸತ್ತವರು ಬೇರೆ ಯಾರೋ ಅನ್ನುವಂತೆ ಒಂದು ಕ್ಷಣ ನಿಂತೆ. ಆಮೇಲೆ ಖಾನಾವಳಿಗೆ ಓಡಿದೆ. ಹಿಂದಿನ ದಿನವಷ್ಟೇ ತಟ್ಟೆಗೆ ಬೇಡವಾದ ರೊಟ್ಟಿ ಹಾಕಿದ್ದರು.

ಖಾನಾವಳಿಯಲ್ಲಿ ಹಾಕಲು ಹುಡುಗರು ಮಾಮಾನ ಫೋಟೋಗೆ ಚೌಕಟ್ಟು ಕಟ್ಟಿಸಿ ತಂದರು. ಅಕ್ಷರ ಚೆನ್ನಾಗಿದೆ ಅಂತ ಕೆಳಗೆ ಹೆಸರು ಬರೆಯುವ ಕೆಲಸ ನನಗೆ ಬಂತು. ಕುಂಚ ಹಿಡಿದು ಅಕ್ಕನ ಕಡೆ ನೋಡಿದೆ. ಹುಡುಗರು ಆ ಹೆಸರನ್ನು ಗಟ್ಟಿಯಾಗಿ, ಪ್ರೀತಿಯಿಂದ ಹೇಳಿದರು. ಅಕ್ಕ ತಲೆ ತಗ್ಗಿಸಿದರು. ಮಾಮಾ ತಾವಾಗಿ ತೊಟ್ಟ ಹೆಸರು ಅದು, ತೆಗೆಯುವುದಕ್ಕೆ ನಾನು ಯಾರು? ಬರೆದೆ.

ಎಲ್ಲರೂ ಹೋದ ಮೇಲೆ ಅಕ್ಕನ ಹತ್ತಿರ ಕೂತೆ. "ಅಕ್ಕಾ, ಇನ್ನೊಮ್ಮಿ ಬರ್ರಿ. ಇನ್ನೊಂದು ಒಡಪು ಹೇಳ್ರಿ, ಮಾಮಾನ ಖರೇ ಹೆಸರಿನ್ಯಾಗ. ಯಾರ ಮುಂದೂ ಹಚ್ಚಂಗಿಲ್ಲ."

ಅಕ್ಕ ಆರಿದ ಒಲೆಯ ಬೂದಿಯನ್ನು ಕೆದಕಿದರು.

"ಎಷ್ಟೋ ಸಲ ಕಟ್ಟೇನೋ, ರೊಟ್ಟಿ ಬಡಕೋತ, ಮನಸಿನ್ಯಾಗ" ಅಂದರು. "ಇನ್ನ ಹೇಳಿ ಏನ ಮಾಡ್ಲಿ, ತಮ್ಮಾ? ಕೇಳಾವರು ಎಲ್ಲದಾರ?"