ಸನ್ಮಾನಕ್ಕೆ ಸಿಗದ ಬಿಡುವು

ಹಾಸನದ ಬಸ್ಸು ಹೊರಡಲು ಇನ್ನೂ ಸಮಯವಿದ್ದುದರಿಂದ ರಾಜಾಜಿನಗರದ ಸಂಗೀತ ಸಭೆಯೊಂದನ್ನು ಹೊಕ್ಕು ಮುಂದಿನ ಸಾಲಿನಲ್ಲಿ ಕುಳಿತೆ. ಸ್ಪೇನಿನ ಕಲಾವಿದ ಯುರೋಪಿನ ಹದಿನೇಳನೆಯ ಶತಮಾನದ, ಬರೋಕ್ ಕಾಲದ ಗಿಟಾರಿನಲ್ಲಿ ಹಳೆಯ ಕುಣಿತದ ಧಾಟಿಯ ಒಂದೇ ಸುತ್ತನ್ನು ಮತ್ತೆ ಮತ್ತೆ ನುಡಿಸುತ್ತಿದ್ದ. ಅದರ ಮೇಲೆ ಇರಾನಿನ ಗಾಯಕಿ ಪರ್ಷಿಯನ್ ಆಲಾಪವನ್ನು ಬೆಳೆಸುತ್ತಿದ್ದಳು.

ಆಗ ಮುಖ್ಯ ಅತಿಥಿ ತಡವಾಗಿ ಬಂದರು. ಅವರು ಬಂದೊಡನೆ ಸಂಗೀತ ನಿಲ್ಲಿಸಿ ಸನ್ಮಾನಿಸುವುದು ನಮ್ಮ ಸಭೆಗಳ ಪದ್ಧತಿ. ಕಾರ್ಯದರ್ಶಿ ಶಾಲು, ಪೇಟ ಹಿಡಿದು ವೇದಿಕೆಯ ಮೆಟ್ಟಿಲೇರತೊಡಗಿದರು. ನನಗೆ ಕೂರಲಾಗಲಿಲ್ಲ. ಕಲೆಗೆ ತೋರುವ ಈ ಅಗೌರವವನ್ನು ಖಂಡಿಸಲೇಬೇಕೆಂದು ವಾದವನ್ನು ಹೊಂದಿಸಿಕೊಳ್ಳುತ್ತ ಎದ್ದು ನಿಂತೆ.

"ಕೂತ್ಕೊಳಿ ಸಾರ್, ನೀವು ಭಾಷಣ ಮಾಡಿದ್ರೂ ಹಾಡು ನಿಂತ್ಹೋಗುತ್ತೆ," ಎಂದರು ತೊಡೆಯ ಮೇಲೆ ತಾಳ ಹಾಕುತ್ತಿದ್ದ ಪಕ್ಕದ ಅಜ್ಜಿ. ಮರುಕ್ಷಣ ಕಾರ್ಯದರ್ಶಿಯತ್ತ ತಿರುಗಿ, "ಮೂರ್ತಿ, ತಾಳದ ಮಧ್ಯ ಹೋಗ್ಬೇಡ ಕಣೋ! ಸುತ್ತು ಮುಗೀಲಿ," ಎಂದು ಗದರಿದರು.

ಕಾರ್ಯದರ್ಶಿ ಮೆಟ್ಟಿಲಲ್ಲೇ ನಿಂತು ಬೆರಳು ಮಡಿಸಿ ಎಣಿಸತೊಡಗಿದರು. ಸುತ್ತು ಮುಗಿಯಿತು, ಮುಗಿದಲ್ಲೇ ಮುಂದಿನದು ಹುಟ್ಟಿತು, ಗಾಯಕಿ ದನಿಯನ್ನು ಕಡಿಯಲೇ ಇಲ್ಲ. ಅವರು ಮತ್ತೆ ಎಣಿಸಿದರು. ಮುಖ್ಯ ಅತಿಥಿ ಕೈಮುಗಿದುಕೊಂಡೇ ಕಾದರು; ಕೊನೆಗೆ ಮೂಲೆಯ ಕುರ್ಚಿಯೊಂದನ್ನು ಸದ್ದಾಗದಂತೆ ತಾವೇ ಎತ್ತಿ ತಂದು ಕುಳಿತರು.