ಮೊದಲ ಬನ್ನಿ

ಶಹಾಬಾದಿಗೆ ಬಂದ ದಿನ ಬಾಡಿಗೆ ಖೋಲಿಯಲ್ಲಿ ಅಂಗಾತ ಮಲಗಿ ಮೇಲೆ ನೋಡಿದವಳು ಎದ್ದು ಕೂತೆ. ನೆತ್ತಿಯ ಮೇಲೆ ಹೆಂಚಿಲ್ಲ, ಹಾಸುಗಲ್ಲು! ನೆಲ, ಗೋಡೆ, ಮಾಡು ಎಲ್ಲವೂ ಒಂದೇ ಗಣಿಯ ಕಲ್ಲು. ಮೈಸೂರಿನಲ್ಲಿ ನಾವು ಕಾಲ ಕೆಳಗೆ ಹಾಸುವುದನ್ನು ಇಲ್ಲಿಯವರು ತಲೆಯ ಮೇಲೆ ಹೊದಿಸಿಕೊಂಡು ನಿಶ್ಚಿಂತೆಯಾಗಿ ಮಲಗುತ್ತಾರೆ. ನನಗೆ ಮಾತ್ರ ಎಷ್ಟೋ ದಿನ ನಿದ್ದೆ ಹತ್ತಲಿಲ್ಲ.

ನಿಜಾಮನ ಆಳ್ವಿಕೆ ಮುಗಿದು ಕನ್ನಡ ಶಾಲೆಗಳು ತೆರೆದಾಗ, ಕಲಿಸುವವರು ಸಾಲದೆ ನಮ್ಮಂಥವರನ್ನು ಕರೆಸಿಕೊಂಡರು. ನಾನು ಹೆಣ್ಣುಮಕ್ಕಳ ಶಾಲೆಗೆ ಬಂದೆ. ಮುದ್ದೆ ಕಟ್ಟಿದ ಕೈಗೆ ರೊಟ್ಟಿ ಬಡಿಯಲು ಬರದು. ಮನೆಯೊಡತಿ ನೀಲಮ್ಮನವರು ನಕ್ಕು ಸಾಕಾಗಿ, ರೊಟ್ಟಿ, ಪುಂಡಿಪಲ್ಯ ತಾವೇ ಕಳಿಸತೊಡಗಿದರು. ಒಂಟಿ ಹೆಂಗಸಿಗೆ ಯಾರೂ ಖೋಲಿ ಕೊಡದ ಊರಿನಲ್ಲಿ ಕೊಟ್ಟವರು ಅವರ ಯಜಮಾನರಾದ ಶರಣಪ್ಪನವರು. ತೊಗರಿ ವ್ಯಾಪಾರಿ, ಖಾದಿ ತೊಡುವವರು, ಶಾಲೆಯ ಕಮಿಟಿಗೂ ಅವರೇ ಹಿರಿಯರು.

ದಸರೆ ಹತ್ತಿರ ಬಂದಾಗ ನನ್ನನ್ನು ಕರೆದರು. "ಅಕ್ಕೋರ, ಹಬ್ಬದ ಮರುದಿನ ಸಾಲ್ಯಾಗ ಸಭಾ ಅದ. ಬಿಳಿ ಮಂದಿ ತಂದದ್ದೆಲ್ಲ ವಿಷ ಅಂತ ಒಂದು ಭಾಷಣ ಬರೀರಿ, ಹುಡುಗ್ಯಾರ ಬಾಯಾಗ ಹೇಳಸ್ರಿ."

"ನನ್ನ ಕೈಲಾಗಲ್ಲ. ನನ್ನ ತಾಯಿಗೆ ಅಕ್ಷರ ಬಂದದ್ದು ಪಾದ್ರಿಗಳ ಶಾಲೆಯಲ್ಲಿ. ನಮ್ಮವರೇ ಆಕೆಯ ಸ್ಲೇಟು ಕಿತ್ತುಕೊಂಡಿದ್ದರು. ಅದನ್ನು ವಿಷ ಅಂತ ಹೇಗೆ ಬರೆಯಲಿ?"

"ಬಿಳಿ ಮಂದಿ ಬೆಂಬಲ ಇರದಿದ್ರ ನಿಜಾಮ ಎಷ್ಟು ದಿನ ನಿಂದ್ರತಿದ್ದ? ನನ್ನ ತಮ್ಮ ಅವನ ಜೇಲಿನ್ಯಾಗ ಸತ್ತಾನ್ರಿ! ನಿಮಗೇನ್ ಗೊತ್ತು?"

ಅವರ ಸಂಕಟ ಸುಳ್ಳಲ್ಲ, ಆಳಿದವರ ದರ್ಪವನ್ನು ಮರೆಯಿರಿ ಎನ್ನುವ ಧೈರ್ಯ ನನಗಿಲ್ಲ. ಆದರೂ ಹೆಣ್ಣುಮಕ್ಕಳ ಶಾಲೆ, ರೈಲು, ಔಷಧಿ, ದೊರೆಯೂ ಕಾನೂನಿಗೆ ತಲೆಬಾಗಬೇಕೆಂಬ ಮಾತು, ಇವನ್ನೆಲ್ಲ ಎರಡೂ ಕೈಯಿಂದ ಪಡೆದು, ಕೊಟ್ಟವರನ್ನು ಬರೀ ಶಪಿಸುವುದು ನನ್ನಿಂದಾಗದು. ಉಪಕಾರ ನೆನೆದ ಮಾತ್ರಕ್ಕೆ ಗುಲಾಮರಾಗುತ್ತೇವೆಯೇ? ಹಾಗೆಂದು ಕೇಳಿಯೂಬಿಟ್ಟೆ.

"ಹಬ್ಬ ಆದ ಮ್ಯಾಲ ಖೋಲಿ ಖಾಲಿ ಮಾಡ್ರಿ" ಎಂದರು.

ಎಲ್ಲಿಗೆ ಹೋಗಲಿ? ಹಬ್ಬದವರೆಗೂ ಶಾಲೆಯಲ್ಲಿ ಮನಸ್ಸು ನಿಲ್ಲಲಿಲ್ಲ.

ಇಲ್ಲಿ ದಸರೆಯ ಸಂಜೆ ಬನ್ನಿ ಎಲೆಯನ್ನು ಬಂಗಾರವೆಂದು ಒಬ್ಬರಿಗೊಬ್ಬರು ಕೊಡುತ್ತಾರೆ. ಎಂಥ ಜಗಳವಿದ್ದರೂ ಕೊಟ್ಟ ಬನ್ನಿಯನ್ನು ಬೇಡವೆನ್ನುವಂತಿಲ್ಲ. ನೀಲಮ್ಮನವರು ನನ್ನ ಕೈಯಲ್ಲಿ ಒಂದಷ್ಟು ಎಲೆ ತುರುಕಿ, "ಅವರಿಗಿ ಕೊಟ್ಟು ಕಾಲು ಬೀಳ್ರಿ, ಎಲ್ಲ ಸರಿ ಹೋಗ್ತದ" ಎಂದರು. ನನಗೆ ಶರಣಪ್ಪನವರ ಮುಖ ನೋಡಲು ಅಂಜಿಕೆ. ನೆಟ್ಟಗೆ ದವಾಖಾನೆಯ ದೊರೆಸಾನಿಯ ಬಳಿ ಹೋದೆ. ಎಷ್ಟೋ ವರ್ಷ ಇಲ್ಲಿ ನರ್ಸಾಗಿದ್ದು, ಶರಣಪ್ಪನವರ ಮಕ್ಕಳೂ ಸೇರಿ ಅರ್ಧ ಊರಿನ ಹೆರಿಗೆ ಮಾಡಿಸಿದ ಇಂಗ್ಲಿಷ್ ಮುದುಕಿ. ವಯಸ್ಸಾಯಿತೆಂದು ತನ್ನ ದೇಶಕ್ಕೆ ಹೊರಟಿದ್ದಳು. ಬನ್ನಿ ಕೊಟ್ಟು ಕಾಲು ಮುಟ್ಟಿದೆ.

"ಮನಿ ಹಿರ್ಯಾರಿಗಿ ಕೊಟ್ಟಿಯೇನವ್ವ?"

"ಇಲ್ಲ."

"ಛೇ, ಭಾಳ ತಪ್ಪಾತು! ಮೊದಲ ಮನಿ ಮಂದಿಗಿ, ಆಮ್ಯಾಲ ಹೊರಗಿನವರಿಗಿ. ನಡಿ."

ಬಿಳಿ ಮುಖದೊಳಗಿಂದ ಅಪ್ಪಟ ಶಹಾಬಾದಿನ ಮಾತು! ಬನ್ನಿ ಹಿಡಿದುಕೊಂಡೇ ನನ್ನನ್ನು ಎಳೆದೊಯ್ದಳು. ಶರಣಪ್ಪನವರು ಕಟ್ಟೆಯ ಮೇಲೆ ನಾಲ್ಕು ಜನರ ನಡುವೆ ಕೂತಿದ್ದರು. ಅವಳು ಬಾಗಿ ಎಲೆ ಚಾಚಿದಳು.

"ತಗೋರಿ ಸಾವ್ಕಾರ್ರ, ಬಂಗಾರದಂಗ ಇರೋಣು. ಈ ಅಕ್ಕೋರು ಹೊಸಬರು, ರೂಢಿ ತಿಳೀಲಾರದ ಮೊದಲ ನನಗ ಕೊಟ್ಟಾರ. ಸಿಟ್ಟಾಗಬ್ಯಾಡ್ರಿ."

ಅವರು ಸುತ್ತ ಕೂತವರತ್ತ ನೋಡಿ ಎದ್ದು ನಿಂತರು. ಆಮೇಲೆ ಎರಡೂ ಕೈ ಒಡ್ಡಿ, "ಬಂಗಾರದಂಗ ಇರೋಣ್ರಿ" ಎಂದರು. ಕೈಯಲ್ಲುಳಿದ ಎಲೆಯನ್ನು ನಾನೂ ಕೊಟ್ಟೆ, ತೆಗೆದುಕೊಂಡರು.

ಮರುದಿನ ಸಭೆಯಲ್ಲಿ ಆ ಭಾಷಣವನ್ನು ತಾವೇ ಮಾಡಿದರು. ವಿಷ ಎಂಬ ಮಾತನ್ನೂ ಬಿಡಲಿಲ್ಲ. ನಾನು ಚಪ್ಪಾಳೆ ತಟ್ಟಲಿಲ್ಲ, ಅವರು ಅದನ್ನು ನೋಡಿದರು. ಸಂಜೆ ಎಂದಿನಂತೆ ರೊಟ್ಟಿ ತಂದ ನೀಲಮ್ಮನವರು ದನಿ ತಗ್ಗಿಸಿ ಹೇಳಿದರು: "ದೊರೆಸಾನಿ ಕೊಟ್ಟ ಬನ್ನಿ ತಿಜೋರ್ಯಾಗ ಇಟ್ಟಾರ್ರಿ, ದೇವರ ಬನ್ನಿ ಜೋಡಿ." ಖೋಲಿಯ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ದೊರೆಸಾನಿಯನ್ನು ವಾಡಿ ಸ್ಟೇಷನ್ನಿನಲ್ಲಿ ರೈಲು ಹತ್ತಿಸಿ ಬಂದೆ. ಮರುವರ್ಷ ದಸರೆಗೆ ಮೈಸೂರಿಗೆ ಬಂದಿದ್ದೆ, ಸಂಜೆ ಬನ್ನಿ ಹಿಡಿದು ನಮ್ಮ ಬೀದಿಗಿಳಿದೆ. "ಏನೇ ಇದು, ಬನ್ನಿ ಸೊಪ್ಪನ್ನು ನನಗ್ಯಾಕೆ ಕೊಡ್ತೀಯೆ?" ಎಂದಳು ಚಿಕ್ಕಮ್ಮ. ಎಲೆ ಕೈಯಲ್ಲೇ ಬಾಡಿತು. ಸಮುದ್ರದಾಚೆ ದೊರೆಸಾನಿಯೂ ತನ್ನ ಹುಟ್ಟೂರಿನ ಬೀದಿಯಲ್ಲಿ, ಮೊದಲು ಯಾರ ಮನೆಗೆ ಹೋಗಲೆಂದು ತಿಳಿಯದೆ ನಿಂತಿರಬೇಕು.