ಎರಡನೇ ಭಾನುವಾರದ ಸರದಿ

ತಿಂಗಳಲ್ಲಿ ನಾಲ್ಕು ಭಾನುವಾರ ಬರುತ್ತವೆ, ಕೆಲವೊಮ್ಮೆ ಐದು. ಅವುಗಳಲ್ಲಿ ಎರಡನೆಯದು ಹನ್ನೆರಡು ವರ್ಷಗಳಿಂದ ನನ್ನದಲ್ಲ. ಆ ದಿನ ನಮ್ಮ ವಿನೋಬನಗರದ ಬೀದಿಯವರೆಲ್ಲ ತಲೆಗೆ ಎಣ್ಣೆ ಹಚ್ಚಿಕೊಂಡು ಎಳೆ ಬಿಸಿಲಿಗೆ ಕೂತಿದ್ದರೆ, ನಾನು ಇಸ್ತ್ರಿ ಮಾಡಿದ ಸೀರೆ ಉಟ್ಟು, ಹಾಜರಿ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು, ಗೇಟಿನ ಸದ್ದಿಗೆ ಕಿವಿಗೊಟ್ಟು ಕೂತಿರುತ್ತೇನೆ. ಯಾರಾದರೂ ಬರಲಿ ಎಂದು ಅರ್ಧ ಮನಸ್ಸು. ಯಾರೂ ಬಾರದಿದ್ದರೆ ನಾನೂ ತಲೆಗೆ ಎಣ್ಣೆ ಹಚ್ಚಿಕೊಳ್ಳಬಹುದಲ್ಲ ಎಂದು ಇನ್ನರ್ಧ ಮನಸ್ಸು. ಸಂಘದ ಕಾರ್ಯದರ್ಶಿಯಾದವಳು ಇದನ್ನು ಹೇಳಬಾರದು. ನಿಮ್ಮ ಹತ್ತಿರ ಮಾತ್ರ ಹೇಳುತ್ತಿದ್ದೇನೆ.

ಸಂಘವೆಂದರೆ ನಮ್ಮ ವಿಶ್ವವಿದ್ಯಾಲಯದಲ್ಲಿ ಓದಿ, ಆಮೇಲೆ ಹೊಟ್ಟೆಪಾಡಿಗೆಂದು ಶಿವಮೊಗ್ಗಕ್ಕೋ ಭದ್ರಾವತಿಗೋ ಬಂದು ನೆಲೆಸಿದವರ ಸಂಘ. ಆ ವಿಶ್ವವಿದ್ಯಾಲಯ ಇಲ್ಲಿಂದ ಒಂದು ರಾತ್ರಿಯ ರೈಲು ಪ್ರಯಾಣದಷ್ಟು ದೂರ. ಅಲ್ಲಿದ್ದಾಗ ನಾವು ಯಾರೂ ಯಾರ ಮುಖವನ್ನೂ ನೋಡಿದವರಲ್ಲ. ಒಬ್ಬರು ಬಿಟ್ಟ ಹತ್ತು ವರ್ಷಕ್ಕೆ ಇನ್ನೊಬ್ಬರು ಸೇರಿದವರು. ನಮಗೆಲ್ಲ ಒಟ್ಟಾಗಿ ನೆನಪಿರುವುದು ಹಾಸ್ಟೆಲಿನ ನೀರು ಸಾರು ಮತ್ತು ಗ್ರಂಥಾಲಯದ ಮುಂದಿನ ಒಂದು ಮರ. ಆ ಮರ ಕೆಲವರ ಪ್ರಕಾರ ಹೊಂಗೆ, ಕೆಲವರ ಪ್ರಕಾರ ಮಾವು. ನಿಜವಾಗಿ ಅದು ನೇರಳೆ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ನನಗೆ ಅದು ಚೆನ್ನಾಗಿ ಗೊತ್ತು, ಆದರೆ ಸಭೆಯಲ್ಲಿ ಹೇಳುವ ಹಾಗಿಲ್ಲ.

ಹೇಳುವ ಹಾಗಿಲ್ಲ ಎನ್ನುವುದು ಸಂಘದ ಮೊದಲ ನಿಯಮ. ಪ್ರತಿ ಸಭೆಯಲ್ಲಿ ಒಬ್ಬರು ಅರ್ಧ ಗಂಟೆ ಮಾತಾಡಬೇಕು, ಆದರೆ ತಾವು ಅನ್ನ ತಿನ್ನುವ ವಿಷಯದ ಬಗ್ಗೆ ತುಟಿ ಬಿಚ್ಚಕೂಡದು. ಮೊಟ್ಟಮೊದಲ ಸಭೆಯಲ್ಲಿ ದಂತವೈದ್ಯರೊಬ್ಬರು ಒಸಡಿನ ಕಾಯಿಲೆಗಳ ಬಗ್ಗೆ ಒಂದೂಕಾಲು ಗಂಟೆ ಮಾತಾಡಿ, ಆಮೇಲೆ ಯಾರಿಗೂ ಉಪ್ಪಿಟ್ಟು ಗಂಟಲಲ್ಲಿ ಇಳಿಯದೆ ಹೋದಾಗ ಮಾಡಿದ ನಿಯಮ ಇದು. ಇದರಿಂದ ನಮ್ಮ ಬೌದ್ಧಿಕ ಮಟ್ಟ ಎಲ್ಲಿಗೆ ಹೋಯಿತೆಂದು ಕೇಳಬೇಡಿ. ನವುಲೆಯ ಕೃಷಿ ಕಾಲೇಜಿನಲ್ಲಿ ಮಣ್ಣಿನ ಬಗ್ಗೆ ಪಾಠ ಹೇಳುವ ನಮ್ಮ ಅಧ್ಯಕ್ಷರು, ಪ್ರೊಫೆಸರ್ ನಾಗಭೂಷಣ, ರೋಮನ್ನರ ಕಮಾನುಗಳ ಬಗ್ಗೆ ಮಾತಾಡಿದರು. ದಂತವೈದ್ಯರು ವಿದೇಶಾಂಗ ನೀತಿಯನ್ನು ಕಿತ್ತರು. ಷಡ್ಜಕ್ಕೂ ಪಂಚಮಕ್ಕೂ ವ್ಯತ್ಯಾಸ ಗೊತ್ತಾಗದ ನಾನು ಸಂಗೀತದ ಘರಾನೆಗಳ ಬಗ್ಗೆ ಮಾತಾಡಿ ಚಪ್ಪಾಳೆ ಗಿಟ್ಟಿಸಿದೆ. ಕೇಳುವವರಿಗೂ ಗೊತ್ತಿರಲಿಲ್ಲವಾದ್ದರಿಂದ ಯಾರಿಗೂ ನೋವಾಗಲಿಲ್ಲ.

ಎರಡನೆಯ ನಿಯಮ ಸರದಿಯದು. ಒಂದು ತಿಂಗಳು ಶಿವಮೊಗ್ಗದಲ್ಲಿ ಸಭೆ, ಮುಂದಿನ ತಿಂಗಳು ಭದ್ರಾವತಿಯಲ್ಲಿ. ಯಾವ ಊರಿನ ಸರದಿಯೋ ಆ ಊರಿನವರು ಉಪ್ಪಿಟ್ಟು, ಕೇಸರಿಬಾತು, ಕಾಫಿ ಮಾಡಬೇಕು. ಇನ್ನೊಂದು ಊರಿನವರು ಬಸ್ಸಿನಲ್ಲಿ ಬಂದು ತಿಂದು, ಚೆನ್ನಾಗಿತ್ತು ಎನ್ನಬೇಕು. ಶಿವಮೊಗ್ಗದ ಸಭೆ ನಮ್ಮ ಮನೆಯ ಹಾಲಿನಲ್ಲಿ. ಭದ್ರಾವತಿಯದು ಕಾರ್ಖಾನೆಯ ಕ್ವಾರ್ಟರ್ಸಿನ ಹತ್ತಿರದ ಒಂದು ಶಾಲಾ ಕೊಠಡಿಯಲ್ಲಿ.

ಮೂರನೆಯದು ಕಾರ್ಡು. ಸಭೆಗೆ ಹತ್ತು ದಿನ ಮುಂಚೆ ಕಾರ್ಯದರ್ಶಿ ಎಲ್ಲರಿಗೂ ಅಂಚೆ ಕಾರ್ಡು ಬರೆಯಬೇಕು. ನನ್ನ ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ ಈ ಕೆಲಸ ನನ್ನ ಕೊರಳಿಗೆ ಬಿತ್ತು. ಒಂದು ವರ್ಷದ ಮಟ್ಟಿಗೆ ಮೇಡಂನೋರೆ ಎಂದಿದ್ದರು ಅಧ್ಯಕ್ಷರು. ಕಾರ್ಡಿನಲ್ಲಿ ತಾರೀಖು, ಹೊತ್ತು, ಮಾತಾಡುವವರ ಹೆಸರು, ಇಷ್ಟೇ. ವಿಷಯವನ್ನು ಅವರು ಎದ್ದು ನಿಂತ ಮೇಲೆಯೇ ಹೇಳುವುದು, ಮೊದಲೇ ಹೇಳಿದರೆ ಜನ ತಪ್ಪಿಸಿಕೊಳ್ಳುತ್ತಾರೆ. ಸ್ಥಳವನ್ನು ಮಾತ್ರ ಎಂದೂ ಬರೆದದ್ದಿಲ್ಲ. ಹೋದ ತಿಂಗಳು ಎಲ್ಲಿ ಉಪ್ಪಿಟ್ಟು ತಿಂದೆವೆನ್ನುವುದು ನೆನಪಿರುವಷ್ಟು ವಿದ್ಯಾವಂತರು ನಾವು ಎನ್ನುವುದು ಹಿರಿಯರ ನಂಬಿಕೆಯಾಗಿತ್ತು.

ಗೋಷ್ಠಿ ಎಂಬ ಮಾತು ಗೋಷ್ಠದಿಂದ ಬಂದದ್ದಂತೆ. ಗೋಷ್ಠವೆಂದರೆ ಹಸುಗಳ ಕೊಟ್ಟಿಗೆ. ನಮ್ಮ ಕಾಲೇಜಿನ ಸಂಸ್ಕೃತದ ಮೇಷ್ಟ್ರು ಇದನ್ನು ಹೇಳಿದ ದಿನ ನನಗೆ ಹಸುಗಳ ಮೇಲೆ ಬಹಳ ಗೌರವ ಬಂತು. ಅವು ಸಂಜೆಯಾದರೆ ತಾವಾಗಿಯೇ ಬರುತ್ತವೆ, ಕಾರ್ಡು ಹಾಕಬೇಕಾಗಿಲ್ಲ. ಬಂದ ಮೇಲೆ ವಂದನಾರ್ಪಣೆಯನ್ನೂ ಕೇಳುವುದಿಲ್ಲ. ನಾವು ಮೊದಲು ನಲವತ್ತು ಜನ ಇದ್ದೆವು. ವರ್ಗಾವಣೆ, ಮೊಣಕಾಲು ನೋವು, ಭಾನುವಾರದ ಕ್ರಿಕೆಟ್ಟು ಎಂದು ಕರಗುತ್ತ ಕರಗುತ್ತ ಹನ್ನೊಂದಕ್ಕೆ ಬಂದು ನಿಂತೆವು. ನನಗೂ ಸಾಕಾಗಿತ್ತು. ವಾರವೆಲ್ಲ ಪಾಠ ಮಾಡಿ, ಭಾನುವಾರ ಹನ್ನೊಂದು ಜನರಿಗೆ ರವೆ ಹುರಿಯುವಾಗ ಇದೆಲ್ಲ ಯಾರಿಗೆ ಬೇಕು ಅನ್ನಿಸುತ್ತಿತ್ತು. ಗಾಂಧಿ ಬಜಾರಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ನಮ್ಮ ಮನೆಯವರು ಪಿಯುಸಿಗೇ ಓದಿಗೆ ಕೈಮುಗಿದವರು. ಸಭೆಯ ದಿನ ಪೇಪರು ಹಿಡಿದುಕೊಂಡು ಹಿತ್ತಲಿಗೆ ಹೋಗಿಬಿಡುತ್ತಿದ್ದರು. ಗೇಟಿನ ಕೊನೆಯ ಸದ್ದು ಕೇಳಿದ ಮೇಲೆ ಇಣುಕಿ, ನಿಮ್ಮ ಪಂಡಿತರೆಲ್ಲ ಹೋದ್ರಾ ಎಂದು ಕೇಳುತ್ತಿದ್ದರು.

ಹನ್ನೊಂದು ಜನರಲ್ಲಿ ಒಂದು ಸಭೆಯನ್ನೂ ತಪ್ಪಿಸದವರು ಭದ್ರಾವತಿಯ ಷಣ್ಮುಗಂ. ತಂದೆಯ ಕಾಲದಲ್ಲೇ ಕಾರ್ಖಾನೆ ಕೆಲಸಕ್ಕೆಂದು ಬಂದ ತಮಿಳು ಮನೆತನ. ಇವರು ಎಂ.ಎಸ್ಸಿ. ಮಾಡಿ ಕಾರ್ಖಾನೆಯ ಪ್ರಯೋಗಾಲಯದಲ್ಲೇ ಇದ್ದು ನಿವೃತ್ತರಾದವರು. ಶಾಲಾ ಕೊಠಡಿಯ ಬೀಗದ ಕೈ ಅವರ ಹತ್ತಿರವೇ ಇರುತ್ತಿತ್ತು. ಬರುವರು, ಮೂಲೆಯ ಕುರ್ಚಿ ಹಿಡಿಯುವರು, ಎಲ್ಲ ಕೇಳುವರು. ಮಾತಾಡುವ ಸರದಿ ಬಂದರೆ ಮಾತ್ರ, ನನಗೆ ನನ್ನ ಲ್ಯಾಬು ಬಿಟ್ಟು ಏನೂ ಬರಲ್ಲ ಮೇಡಂ ಎಂದು ಕೈಮುಗಿಯುವರು. ಸಂಘಕ್ಕೆ ಸೇರಿದಾಗಿನಿಂದ ಹೀಗೆ ಆರು ವರ್ಷ ತಪ್ಪಿಸಿಕೊಂಡಿದ್ದರು.

ಒಂದು ಜುಲೈನಲ್ಲಿ ಅವರು ಆ ಕೊಠಡಿಯ ಬೀಗ ತೆಗೆಯುವಾಗ ನಾನು ಮೆಟ್ಟಿಲ ಪಕ್ಕದ ಗೋಡೆ ನೋಡುತ್ತ ನಿಂತಿದ್ದೆ. ಗೋಡೆ ತುಂಬ ಪಾಚಿ. ನಾವು ಪುಸ್ತಕದಲ್ಲಿ ಹಾವಸೆ ಎಂದು ಓದುವುದು ಅದನ್ನೇ. ಬ್ಯಾಗಿನಲ್ಲಿ ಭೂತಗನ್ನಡಿ ಇತ್ತು. ತಡೆಯಲಾಗಲಿಲ್ಲ. ಷಣ್ಮುಗಂ ಕೈಗೆ ಅದನ್ನು ಕೊಟ್ಟು, ನೋಡಿ, ಒಂದೊಂದೂ ಒಂದು ಗಿಡ, ಇದರ ತಲೆಯ ಮೇಲೆ ಟೋಪಿ ಹಾಕಿದ ಪುಟ್ಟ ಚೆಂಬು ಇದೆ ನೋಡಿ ಎಂದು ತೋರಿಸತೊಡಗಿದೆ. ಎರಡು ನಿಮಿಷ ಆಗಿರಬಹುದು. ಹಿಂದಿನಿಂದ ಅಧ್ಯಕ್ಷರು ಕೆಮ್ಮಿ, ನಿಯಮ, ಮೇಡಂನೋರೆ, ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಕನ್ನಡಿಯನ್ನು ಬ್ಯಾಗಿಗೆ ಹಾಕುವಾಗ ಸ್ವಲ್ಪ ಬೇಜಾರಾದದ್ದು ನಿಜ. ಅಷ್ಟು ವರ್ಷಗಳಲ್ಲಿ ಆ ಸಂಘದಲ್ಲಿ ನನ್ನ ವಿಷಯಕ್ಕೆ ಸಿಕ್ಕಿದ್ದು ಆ ಎರಡು ನಿಮಿಷ.

ಹೋದ ವರ್ಷದ ಜನವರಿಯಲ್ಲಿ ಎರಡನೇ ಭಾನುವಾರವೇ ಸಂಕ್ರಾಂತಿ ಬಂದು ಸಭೆ ರದ್ದಾಯಿತು. ಅದು ಭದ್ರಾವತಿಯ ಸರದಿ. ಫೆಬ್ರವರಿಗೆ ಷಣ್ಮುಗಂ ತಾವಾಗಿಯೇ ಫೋನು ಮಾಡಿ, ಈ ಸಲ ನನ್ನ ಹೆಸರು ಬರೀರಿ ಮೇಡಂ ಎಂದರು. ನನಗೆ ಸಂತೋಷವಾಗಬೇಕಿತ್ತು, ಆದರೆ ನಾನು ಆಗಲೇ ರಾಜೀನಾಮೆ ಪತ್ರ ಬರೆದಿಟ್ಟಿದ್ದೆ. ಇವರ ಮಾತೊಂದು ಕೇಳಿ, ಪತ್ರ ಕೊಟ್ಟು, ಕೈ ತೊಳೆದುಕೊಳ್ಳೋಣ ಎಂದುಕೊಂಡು ಕಾರ್ಡು ಹಾಕಿದೆ. ಯಾವ ಊರಿನಲ್ಲಿ ಸಭೆ ಎಂದು ಬರೆಯಲಿಲ್ಲ. ಅದರ ಬಗ್ಗೆ ಯೋಚಿಸಲೂ ಇಲ್ಲ. ದಣಿದವಳು ಮಾಡುವ ತಪ್ಪು ಅದು.

ನಾವು ಶಿವಮೊಗ್ಗದವರು ಹೀಗೆ ತರ್ಕಿಸಿದೆವು: ಭದ್ರಾವತಿಯವರ ಸರದಿ ಪಾಪ ಹಬ್ಬದಲ್ಲಿ ಕೊಚ್ಚಿಹೋಯಿತು, ಅದನ್ನು ಅವರಿಂದ ಕಸಿಯಬಾರದು, ನಾವೇ ಅಲ್ಲಿಗೆ ಹೋಗೋಣ. ಭದ್ರಾವತಿಯವರು ಹೀಗೆ ತರ್ಕಿಸಿದರು: ನಮ್ಮ ತಿಂಗಳು ಕಳೆದುಹೋಯಿತು, ಈಗ ಶಿವಮೊಗ್ಗದವರದು, ಅವರ ಸರದಿಯನ್ನು ನಾವು ಕಸಿಯಬಾರದು. ಎರಡೂ ಕಡೆ ಎಂಥ ಸೌಜನ್ಯ ನೋಡಿ. ಯಾವ ಕಡೆ ತರ್ಕಿಸಿದರೂ ಉಪ್ಪಿಟ್ಟು ಮಾಡುವ ಕೆಲಸ ಇನ್ನೊಬ್ಬರಿಗೆ ಹೋಗುತ್ತಿತ್ತು ಎಂಬುದನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ನಾನಂತೂ ಆ ಬೆಳಿಗ್ಗೆ ರವೆ ಡಬ್ಬಿಯ ಕಡೆ ತಿರುಗಿಯೂ ನೋಡದೆ ಬಸ್ಸು ಹತ್ತಿದೆ.

ನಾಲ್ಕು ಜನ ಹೋಗಿ ನೋಡಿದರೆ ಶಾಲೆಯ ಕೊಠಡಿಗೆ ಬೀಗ. ಮೆಟ್ಟಿಲ ಮೇಲೆ ಕೂತೆವು. ಜುಲೈಯಲ್ಲಿ ಹಸಿರಾಗಿದ್ದ ಗೋಡೆ ಈಗ ಒಣಗಿ ಕಪ್ಪಾಗಿತ್ತು. ಮುಕ್ಕಾಲು ಗಂಟೆಯಾದರೂ ಯಾರೂ ಬರಲಿಲ್ಲ. ಷಣ್ಮುಗಂ ಹೆದರಿ ಓಡಿಹೋಗಿರಬೇಕು ಎಂದರು ಅಧ್ಯಕ್ಷರು. ಕೊನೆಗೆ ಏನೋ ಹೊಳೆದು, ಎದುರಿನ ಎಸ್‌ಟಿಡಿ ಬೂತಿನಿಂದ ಮನೆಗೆ ಫೋನು ಮಾಡಿದೆ. ನಮ್ಮ ಮನೆಯವರು ಎತ್ತಿದರು. ಅವರ ದನಿ ಪಿಸುಮಾತಿನಷ್ಟು ಸಣ್ಣಗಿತ್ತು.

"ಭಾಷಣ ನಡೀತಾ ಇದೆ. ಆಮೇಲೆ ಮಾಡು" ಎಂದು ಇಟ್ಟೇಬಿಟ್ಟರು.

ಹನ್ನೊಂದು ವರ್ಷ ಹಿತ್ತಲಲ್ಲಿ ಕೂತ ಮನುಷ್ಯ ಹೇಳಿದ ಮಾತು ಇದು. ಬಸ್ಸಿನಲ್ಲಿ ಹಿಂದಿರುಗುವಾಗ ಇನ್ನೇನೂ ತೋಚದೆ ರಾಜೀನಾಮೆ ಪತ್ರ ತೆಗೆದು ಅಧ್ಯಕ್ಷರ ಕೈಗೆ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, ಮಡಚಿ, ವಾಪಸು ಕೊಟ್ಟರು. ಇದನ್ನು ಸಭೆಯಲ್ಲಿಯೇ ಕೊಡಬೇಕಂತೆ, ಹೊರಗೆ ಸ್ವೀಕರಿಸಲು ನಿಯಮದಲ್ಲಿ ಅವಕಾಶವಿಲ್ಲವಂತೆ. ಸಭೆಯೋ, ನಾನಿಲ್ಲದೆ ನನ್ನ ಮನೆಯಲ್ಲೇ ನಡೆಯುತ್ತಿತ್ತು.

ನಾವು ಗೇಟು ತೆಗೆದಾಗ ಎಲ್ಲ ಮುಗಿದಿತ್ತು. ಭದ್ರಾವತಿಯ ಐವರೂ ಹಾಲಿನಲ್ಲಿ ಪೇಪರು ಹಾಸಿಕೊಂಡು ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿನ್ನುತ್ತಿದ್ದರು. ಮೂಲೆಯ ಅಂಗಡಿಯಿಂದ ಅದನ್ನು ತಂದವರು ನಮ್ಮ ಮನೆಯವರು. ನಡೆದದ್ದನ್ನು ಅವರೇ ಹೇಳಿದರು. ಬಂದವರು ನಾನಿಲ್ಲದ್ದು ಕಂಡು ಭದ್ರಾವತಿಗೆ ಹಿಂದಿರುಗುತ್ತೇವೆ ಎಂದರಂತೆ. ನೀವು ಅಲ್ಲಿಗೆ ಹೋಗೋಷ್ಟರಲ್ಲಿ ಅವರು ಇಲ್ಲಿಗೆ ಬಂದಿರ್ತಾರೆ, ಸಂಜೆ ತನಕ ಬಸ್ಸಲ್ಲೇ ತಿರುಗ್ತೀರಾ, ಕೂತ್ಕೊಳ್ಳಿ ಎಂದರಂತೆ ಇವರು. ಷಣ್ಮುಗಂ ಹಾಳೆಗಳನ್ನು ಹಿಡಿದು ಬಾಗಿಲಲ್ಲೇ ನಿಂತಿದ್ದರಂತೆ. ಮಾತಾಡೋಕೆ ಬಂದಿದೀರಿ, ಮಾತಾಡಿ, ನಾನು ಕೇಳ್ತೀನಿ ಎಂದು ಇವರು ನನ್ನ ಕುರ್ಚಿಯಲ್ಲಿ ಕೂತರಂತೆ.

ವಿಷಯ ಏನು ಎಂದು ಕೇಳಿದೆ. ಷಣ್ಮುಗಂ ತಲೆ ತಗ್ಗಿಸಿದರು. ನಮ್ಮ ಮನೆಯವರು, "ಪಾಚಿ" ಎಂದರು.

ನನಗೆ ನಿಂತಲ್ಲೇ ಕಣ್ಣು ತುಂಬಿತು. ಆ ಜುಲೈಯಿಂದ ಮುಂದೆ ಅವರು ಗ್ರಂಥಾಲಯಕ್ಕೆ ಹೋಗಿ ಹೋಗಿ ಓದಿದ್ದರಂತೆ. ನಾನು ನನ್ನ ವಿಷಯ ಮಾತಾಡುವಂತಿಲ್ಲ, ಅವರು ಮಾತಾಡಬಹುದಲ್ಲ. ಅಷ್ಟೇ ಅವರ ಲೆಕ್ಕಾಚಾರ. ನಾನು ಬರುವವರೆಗೆ ಯಾಕೆ ಕಾಯಲಿಲ್ಲ ಎಂದು ಕೇಳಿದೆ, ದನಿ ಸ್ವಲ್ಪ ಜೋರಾಗಿಯೇ ಬಂತು.

"ನೀವು ಎದುರು ಕೂತಿದ್ರೆ ನಾಲಿಗೇನೇ ಏಳ್ತಿರಲಿಲ್ಲ ಮೇಡಂ" ಎಂದರು ಷಣ್ಮುಗಂ. "ಆರು ವರ್ಷ ಆಗದೇ ಇದ್ದದ್ದು, ನೀವಿಲ್ಲ ಅಂತಲೇ ಇವತ್ತು ಆಯ್ತು."

ಇನ್ನೊಮ್ಮೆ ಹೇಳಿ ಎಂದೆ. ಇನ್ನು ಧೈರ್ಯ ಬರುವುದಿಲ್ಲ ಎಂದರು. ಹಾಳೆಗಳನ್ನಾದರೂ ಕೊಡಿ ಎಂದೆ. ತಪ್ಪಿರ್ತವೆ, ನೀವು ಕೆಂಪು ಇಂಕಲ್ಲಿ ತಿದ್ದಿಬಿಡ್ತೀರಿ ಎಂದು ಮಡಚಿ ಜೇಬಿಗೆ ಹಾಕಿಕೊಂಡರು. ಹನ್ನೊಂದು ವರ್ಷ ಏನೇನನ್ನೋ ಕೇಳಿದ ನಾನು ನನಗಾಗಿಯೇ ಸಿದ್ಧವಾದ ಒಂದು ಮಾತನ್ನು, ಉಪ್ಪಿಟ್ಟು ತಪ್ಪಿಸಲು ಹೋಗಿ ಕಳೆದುಕೊಂಡೆ. ರಾಜೀನಾಮೆ ಪತ್ರದ ನೆನಪು ಅವರೆಲ್ಲ ಹೋದ ಮೇಲೆ ಬಂತು. ಅದು ಈಗಲೂ ಬ್ಯಾಗಿನ ಒಳಜೇಬಿನಲ್ಲಿದೆ, ಪ್ರತಿ ಸಭೆಗೂ ನನ್ನ ಜೊತೆ ಬಂದು ಹೋಗುತ್ತದೆ. ಸುಸ್ತೂ ಹಾಗೇ ಇದೆ. ಕಾರ್ಡಿನಲ್ಲಿ ಮಾತ್ರ ಈಗ ಸ್ಥಳವನ್ನು ದಪ್ಪ ಅಕ್ಷರದಲ್ಲಿ ಬರೆಯುತ್ತೇನೆ.

ಮಾರನೆಯ ಬೆಳಿಗ್ಗೆ ಕಾಲೇಜಿಗೆ ಹೊರಡುವ ಗಡಿಬಿಡಿಯಲ್ಲಿದ್ದೆ. ಹೊರಗಿನಿಂದ ನಮ್ಮ ಮನೆಯವರು ಕರೆದರು. ಹೋಗಿ ನೋಡಿದರೆ ಕೈಯಲ್ಲಿ ನೀರಿನ ತಂಬಿಗೆ ಹಿಡಿದು, ಅಂಗಡಿಗೆ ಹೋಗುವ ಬಟ್ಟೆಯಲ್ಲೇ, ಕಾಂಪೌಂಡು ಗೋಡೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾರೆ. ಗೋಡೆಯ ಮೇಲಿನ ಕರಕಲು ಪಾಚಿಗೆ ಆಗಲೇ ನೀರು ಹಾಕಿದ್ದರು. ಅದು ನಮ್ಮ ಕಣ್ಣೆದುರೇ ಮೆಲ್ಲಗೆ ಬಿಚ್ಚಿಕೊಂಡು ಹಸಿರಾಗುತ್ತಿತ್ತು.

"ಸತ್ತಿಲ್ಲ ನೋಡು ಮಾರಾಯ್ತಿ" ಎಂದರು. "ಇದಕ್ಕೆ ಬೇರು ಅನ್ನೋದೇ ಇಲ್ವಂತೆ. ಮೈಯಲ್ಲೇ ನೀರು ಕುಡಿಯುತ್ತಂತೆ. ನಿಂಗೊತ್ತಾ?"

ಇಪ್ಪತ್ತೆರಡು ವರ್ಷದಿಂದ ನಾನು ಹುಡುಗಿಯರಿಗೆ ಪಾಠ ಮಾಡುತ್ತಿರುವುದು ಇದನ್ನೇ ರೀ ಎಂದು ಹೇಳಲು ಬಾಯಿ ತೆರೆದವಳು, ಸೀರೆಯ ನೆರಿಗೆ ಎತ್ತಿಕೊಂಡು ಅವರ ಪಕ್ಕ ಕೂತು, "ಹೌದಾ? ಆಮೇಲೆ?" ಎಂದೆ.